ವಿಷಮಣ್ಣು ಅಗೆಯುವ ಮುನ್ನ ನೀರಿನ ದಾರಿ ಹುಡುಕಿ

ಕಾರ್ಖಾನೆ ಮುಚ್ಚಿ ವರ್ಷಗಳೇ ಆಗಿವೆ. ಶೆಡ್ ಕೆಡವಿದ್ದಾರೆ, ಗುಜರಿಯೂ ಹೋಗಿದೆ. ಈಗ ಬರೀ ಖಾಲಿ ನೆಲ, ಅಲ್ಲಲ್ಲಿ ಹುಲ್ಲು. ಒಂದು ಮೂಲೆಯಲ್ಲಿ ಮಾತ್ರ ಹುಲ್ಲೇ ಹುಟ್ಟಿಲ್ಲ. ಅಲ್ಲಿ ಒಂದಡಿ ಕೆದಕಿದರೆ ಮಣ್ಣು ಕಪ್ಪಗಿದೆ, ಡೀಸೆಲ್ ವಾಸನೆ ಬರುತ್ತಿದೆ. ಮಳೆ ಬಂದಾಗಲೆಲ್ಲ ಆ ಮಣ್ಣಿನಿಂದ ಒಂದಿಷ್ಟು ಕೊಳೆ ಕರಗಿ ಕೆಳಗಿಳಿಯುತ್ತದೆ. ಕೆಳಗಿರುವುದು ಯಾರದೋ ಬಾವಿಗೆ ಹೋಗುವ ನೀರು.

ಇಂಥ ಮಣ್ಣು ತೆಗೆಯಬೇಕು ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಜೆಸಿಬಿ. ಆದರೆ ಜೆಸಿಬಿ ಬರುವಷ್ಟರಲ್ಲಿ ಮುಕ್ಕಾಲು ಕೆಲಸ ಮುಗಿದಿರಬೇಕು. ಇಲ್ಲವಾದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಕೆಲವೊಮ್ಮೆ ಇಲಿಯೂ ಸಿಗುವುದಿಲ್ಲ, ವಿಷ ಮಾತ್ರ ಇನ್ನಷ್ಟು ಆಳಕ್ಕೆ ಹೋಗಿರುತ್ತದೆ.

ಇದು ಸ್ವತಃ ಗುದ್ದಲಿ ಹಿಡಿದು ಮಾಡುವ ಕೆಲಸವಲ್ಲ. ತರಬೇತಿ ಇರುವ ತಂಡ, ಪರವಾನಗಿ, ಪ್ರಯೋಗಾಲಯ ಎಲ್ಲವೂ ಬೇಕು. ಆದರೆ ಜಾಗ ಕೊಳ್ಳುವವರು, ಪಕ್ಕದಲ್ಲಿ ವಾಸಿಸುವವರು, ಕೆಲಸ ಮಾಡಿಸುವವರು ಹಂತಗಳನ್ನು ತಿಳಿದಿದ್ದರೆ ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳಬಹುದು.

ಮೊದಲು ಜಾಗದ ಜಾತಕ

ಅಲ್ಲಿ ಏನು ತಯಾರಾಗುತ್ತಿತ್ತು ಅನ್ನುವುದೇ ಅರ್ಧ ಉತ್ತರ. ಚರ್ಮ ಹದ ಮಾಡುವ ಮತ್ತು ಲೋಹಕ್ಕೆ ಮೆರುಗು ಕೊಡುವ ಕಾರ್ಖಾನೆಗಳು ಕ್ರೋಮಿಯಂ ಬಿಟ್ಟು ಹೋಗುತ್ತವೆ. ಬ್ಯಾಟರಿ ಘಟಕ ಸೀಸ ಬಿಡುತ್ತದೆ. ಯಂತ್ರದ ಬಿಡಿಭಾಗಗಳ ಜಿಡ್ಡು ತೊಳೆಯುತ್ತಿದ್ದ ಕಡೆ ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕ ಇರುತ್ತದೆ. ಮರಕ್ಕೆ ಗೆದ್ದಲು ಹಿಡಿಯದಂತೆ ಮದ್ದು ಹಾಕುತ್ತಿದ್ದ ಅಂಗಳದಲ್ಲಿ ಆರ್ಸೆನಿಕ್ ಇರಬಹುದು. ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯುತ್ತಿದ್ದ ಹಳೆಯ ಘಟಕಗಳಲ್ಲಿ ಮಣ್ಣೇ ನೀಲಿಯಾಗಿರುವುದುಂಟು. ಅದು ಸಯನೈಡ್ ಮತ್ತು ಕಬ್ಬಿಣ ಸೇರಿ ಆದ ಬಣ್ಣ.

ಹಳೆಯ ನಕ್ಷೆ, ಮೇಲಿನಿಂದ ತೆಗೆದ ಹಳೆಯ ಚಿತ್ರಗಳು, ಕಟ್ಟಡದ ಪ್ಲಾನ್ ಎಲ್ಲವನ್ನೂ ಹುಡುಕಿ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಅಲ್ಲಿ ದುಡಿದವರ ನೆನಪು. ಖಾಲಿ ಡ್ರಮ್ ಎಲ್ಲಿ ತೊಳೆಯುತ್ತಿದ್ದರು, ತೊಳೆದ ನೀರು ಎಲ್ಲಿಗೆ ಹೋಗುತ್ತಿತ್ತು, ಯಾವ ಪೈಪು ಪದೇ ಪದೇ ಸೋರುತ್ತಿತ್ತು ಅನ್ನುವುದು ಯಾವ ಕಡತದಲ್ಲೂ ಇರುವುದಿಲ್ಲ. ನೆಲದಡಿಯ ಟ್ಯಾಂಕು, ಚರಂಡಿಯ ಜಾಯಿಂಟು, ಲೋಡಿಂಗ್ ಜಾಗ, ಹಿಂದಿನ ಬೇಲಿಯ ಮೂಲೆ. ಕೊಳೆ ಹೆಚ್ಚಾಗಿ ಸಿಗುವುದು ಇಲ್ಲೇ.

ನೀರು ಯಾವ ಕಡೆ ಹರಿಯುತ್ತಿದೆ?

ಇದಕ್ಕೆ ಕಡಿಮೆಯೆಂದರೆ ಮೂರು ಸಣ್ಣ ಕೊಳವೆಗಳನ್ನು ನೆಲಕ್ಕಿಳಿಸಬೇಕು. ಅವು ಒಂದೇ ಸಾಲಿನಲ್ಲಿ ಇರಬಾರದು, ತ್ರಿಕೋನದಲ್ಲಿ ಇರಬೇಕು. ಮೂರರಲ್ಲೂ ನೀರಿನ ಮಟ್ಟ ಅಳೆಯುತ್ತಾರೆ. ಅಳತೆ ನೆಲದಿಂದ ಅಲ್ಲ, ಮೂರಕ್ಕೂ ಒಂದೇ ಆಧಾರದ ಎತ್ತರದಿಂದ. ಎತ್ತರದ ಮಟ್ಟದಿಂದ ತಗ್ಗಿನ ಮಟ್ಟದ ಕಡೆ ನೀರು ಸರಿಯುತ್ತಿರುತ್ತದೆ. ಎರಡೇ ಕೊಳವೆ ಇದ್ದರೆ ದಿಕ್ಕು ಗೊತ್ತಾಗುವುದಿಲ್ಲ. ಮೇಲಿನ ನೆಲ ಪೂರ್ವಕ್ಕೆ ಇಳಿಜಾರಿದೆ ಅಂತ ಕೆಳಗಿನ ನೀರೂ ಪೂರ್ವಕ್ಕೇ ಹರಿಯಬೇಕೆಂದಿಲ್ಲ.

ಇನ್ನು ಕೊಳೆಯ ಸ್ವಭಾವ. ಡೀಸೆಲ್ ನೀರಿಗಿಂತ ಹಗುರ. ಕೆಳಗಿಳಿದು ನೀರು ಸಿಕ್ಕಿದ ಕೂಡಲೇ ಅದರ ಮೇಲೆ ತೇಲುತ್ತದೆ. ಟ್ರೈಕ್ಲೋರೋಎಥಿಲೀನ್ ಹಾಗಲ್ಲ. ಒಂದು ಲೀಟರ್ ಸುಮಾರು 1.46 ಕೆ.ಜಿ. ತೂಗುತ್ತದೆ. ನೀರನ್ನೂ ದಾಟಿ ಮುಳುಗುತ್ತಾ ಹೋಗಿ, ಜೇಡಿಮಣ್ಣಿನ ಪದರವೋ ಬಂಡೆಯೋ ಅಡ್ಡ ಬಂದಾಗ ಅಲ್ಲಿ ಕೂರುತ್ತದೆ. ಆ ಪದರ ಯಾವ ಕಡೆ ಓರೆಯಾಗಿದೆಯೋ ಆ ಕಡೆ ಜಾರುತ್ತದೆ, ನೀರಿನ ಹರಿವಿಗೆ ಎದುರು ದಿಕ್ಕಾದರೂ ಸರಿ. ಆದ್ದರಿಂದ ಮೇಲಿನ ಮೂರಡಿ ಮಣ್ಣು ಶುದ್ಧ ಅಂದಮಾತ್ರಕ್ಕೆ ಕೆಳಗೆ ಏನೂ ಇಲ್ಲ ಅಂದುಕೊಳ್ಳಬೇಡಿ.

ಜಾಗದೊಳಗೆ ಹಳೆಯ ಬೋರ್‌ವೆಲ್ ಇದೆಯಾ ನೋಡಿ. ಪಾಳುಬಿದ್ದ ಬೋರ್‌ವೆಲ್ ಅಂದರೆ ಮೇಲಿನ ಕೊಳೆ ನೇರವಾಗಿ ಆಳದ ನೀರಿಗೆ ಇಳಿಯಲು ಇಟ್ಟ ಕೊಳವೆಯೇ. ಅಗೆಯುವ ಮೊದಲೇ ಅದನ್ನು ಸಿಮೆಂಟ್ ಅಥವಾ ಬೆಂಟೊನೈಟ್ ಜೇಡಿಯ ಗಟ್ಟಿ ಗಂಜಿಯಿಂದ, ತಳದಿಂದ ಮೇಲಕ್ಕೆ ತುಂಬುತ್ತಾ ಮುಚ್ಚಬೇಕು. ಬಾಯಿಗೆ ಕಲ್ಲು ಹಾಕಿ ಮಣ್ಣು ಎಳೆದರೆ ಸಾಲದು.

ಮಾದರಿ ತೆಗೆಯುವಾಗ

ಅನುಮಾನ ಇರುವ ಕಡೆ ದಟ್ಟವಾಗಿ, ಉಳಿದ ಕಡೆ ಚೌಕಗಳ ಲೆಕ್ಕದಲ್ಲಿ ಮಣ್ಣು ತೆಗೆಯುತ್ತಾರೆ. ಒಂದೊಂದು ಜಾಗದಲ್ಲೂ ಬೇರೆ ಬೇರೆ ಆಳದಿಂದ. ಬೇಗ ಆವಿಯಾಗುವ ರಾಸಾಯನಿಕ ಇದ್ದರೆ ಮಣ್ಣನ್ನು ಕಲಸಬಾರದು, ಬಿಸಿಲಲ್ಲಿ ಹರಡಬಾರದು. ಗಾಜಿನ ಬಾಟಲಿಗೆ ಹಾಕಿ ತಕ್ಷಣ ಬಿಗಿಯಾಗಿ ಮುಚ್ಚಿ, ಸುಮಾರು 4 ಡಿಗ್ರಿ ತಂಪಿನಲ್ಲಿಟ್ಟು ಕಳಿಸಬೇಕು. ಹತ್ತು ಕಡೆಯ ಮಣ್ಣು ಬೆರೆಸಿ ಒಂದೇ ಬಾಟಲಿ ಕಳಿಸುವುದು ಖರ್ಚು ಉಳಿಸುವ ಉಪಾಯ. ಫಲಿತಾಂಶವೂ ಹಾಗೆಯೇ ತೆಳುವಾಗಿ, ಎಲ್ಲ ಸರಿಯಿದೆ ಅನ್ನುವಂತೆ ಬರುತ್ತದೆ.

ಪ್ರಯೋಗಾಲಯಕ್ಕೆ ಎರಡು ಪ್ರಶ್ನೆ ಕೇಳಬೇಕು. ಮಣ್ಣಿನಲ್ಲಿ ಎಷ್ಟಿದೆ ಅನ್ನುವುದು ಒಂದು. ಅದರಲ್ಲಿ ಎಷ್ಟು ನೀರಿಗೆ ಬಿಟ್ಟುಕೊಡುತ್ತದೆ ಅನ್ನುವುದು ಇನ್ನೊಂದು. ಅಂತರ್ಜಲದ ದೃಷ್ಟಿಯಿಂದ ಎರಡನೆಯದೇ ಮುಖ್ಯ. ಕ್ರೋಮಿಯಂ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಒಂದು ರೂಪ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಇನ್ನೊಂದು ರೂಪ, ಹಳದಿ ಕಲೆ ಬಿಡುವ ಆರು ವೇಲೆನ್ಸಿಯ ಕ್ರೋಮಿಯಂ, ನೀರಿನ ಜೊತೆ ಸಲೀಸಾಗಿ ಓಡುತ್ತದೆ. ಒಟ್ಟು ಕ್ರೋಮಿಯಂ ಇಷ್ಟು ಅಂತ ಮಾತ್ರ ಬರೆದ ವರದಿಯಿಂದ ನಿಮಗೆ ಅರ್ಧ ಕಥೆಯಷ್ಟೇ ಸಿಗುತ್ತದೆ.

ಎಷ್ಟು ಕೊಳೆ ಅಪಾಯ ಅಂತ ಕೇಳಿದರೆ ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ರಾಸಾಯನಿಕದ ಲೆಕ್ಕ ಹೇಳುತ್ತೇನೆ. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಂದರೆ ಒಂದೇ ಒಂದು ಗ್ರಾಂ ಬೆಂಜೀನ್ ಒಂದು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು.

ಎಷ್ಟು ಅಗೆಯಬೇಕು?

ಕೊಳೆ 20 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳಕ್ಕೆ ಹಬ್ಬಿದೆ ಅಂದುಕೊಳ್ಳಿ. ಅದು 900 ಘನ ಮೀಟರ್. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ಕಾಲು ಭಾಗ ಜಾಸ್ತಿ ಅಂತ ಹಿಡಿದರೆ ಗುಡ್ಡೆ 1,125 ಘನ ಮೀಟರ್. ನೆಲದಲ್ಲಿದ್ದಾಗ ಘನ ಮೀಟರಿಗೆ 1.8 ಟನ್ ಅಂದರೂ ಒಟ್ಟು 1,620 ಟನ್. ಟಿಪ್ಪರಿಗೆ 15 ಟನ್ನಿನಂತೆ 108 ಟ್ರಿಪ್! ಅಷ್ಟೇ ಶುದ್ಧ ಮಣ್ಣು ವಾಪಸ್ ತರಬೇಕು. ಗುಂಡಿಯ ಅಂಚು ಕುಸಿಯದಂತೆ ಓರೆಯಾಗಿ ಕತ್ತರಿಸಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ.

ಈ ಲೆಕ್ಕ ಕೈಯಲ್ಲಿದ್ದಾಗಲೇ ಅಗೆಯುವುದು ಬೇಕಾ ಅಂತ ಯೋಚಿಸಬೇಕು. ಆಳ ಕಡಿಮೆ, ಕೊಳೆ ಒಂದೇ ಕಡೆ ದಟ್ಟವಾಗಿದೆ, ನೀರಿನ ಮಟ್ಟ ಅದಕ್ಕಿಂತ ಕೆಳಗಿದೆ ಅಂದರೆ ಅಗೆಯುವಷ್ಟು ಒಳ್ಳೆಯ ದಾರಿ ಬೇರೆ ಇಲ್ಲ. ತುಂಬಾ ಆಳಕ್ಕೆ ಅಥವಾ ಕಟ್ಟಡದ ಬುಡಕ್ಕೆ ಹಬ್ಬಿದ್ದರೆ ಬೇರೆ ದಾರಿಗಳಿವೆ. ಮಣ್ಣಿನೊಳಗಿನ ಆವಿಯನ್ನು ಪಂಪಿನಿಂದ ಎಳೆಯುವುದು, ಸಿಮೆಂಟ್ ಬೆರೆಸಿ ಗಟ್ಟಿ ಮಾಡುವುದು, ಮೇಲೆ ನೀರಿಳಿಯದ ಹೊದಿಕೆ ಹಾಕುವುದು. ಎಷ್ಟೇ ಆಗಲಿ, ಅಗೆದು ಸಾಗಿಸುವುದೆಂದರೆ ವಿಷವನ್ನು ಇಲ್ಲವಾಗಿಸಿದ ಹಾಗಲ್ಲ, ಜಾಗ ಬದಲಿಸಿದ ಹಾಗೆ. ಹೋಗುವ ಜಾಗದ ತಳ ಗಟ್ಟಿ ಇಲ್ಲದಿದ್ದರೆ ಕಸವನ್ನು ಪಕ್ಕದ ಮನೆ ಮುಂದೆ ಗುಡಿಸಿದಂತಾಯಿತು, ಅಲ್ವಾ?

ಅಗೆತ

ಒಣ ಋತುವನ್ನೇ ಆರಿಸಿಕೊಳ್ಳಿ. ಆಗ ನೀರಿನ ಮಟ್ಟ ತಗ್ಗಿರುತ್ತದೆ, ತೆರೆದ ಗುಂಡಿಗೆ ಮಳೆ ಬೀಳುವುದಿಲ್ಲ. ಹಳೆಯ ಕಾಂಕ್ರೀಟ್ ನೆಲವನ್ನು ಒಂದೇ ಸಲ ಎಬ್ಬಿಸಿ ಹಾಕುವುದು ಎಲ್ಲ ಕಡೆ ಕಾಣುವ ತಪ್ಪು. ಇಷ್ಟು ದಿನ ಮಳೆನೀರು ಕೆಳಗಿಳಿಯದಂತೆ ತಡೆದ ಛತ್ರಿ ಅದು. ಅಂದು ಅಗೆಯುವಷ್ಟು ಜಾಗದ್ದನ್ನು ಮಾತ್ರ ಅಂದು ತೆಗೆಯಿರಿ. ಸುತ್ತ ಸಣ್ಣ ಬದು ಕಟ್ಟಿ, ಹೊರಗಿನ ಮಳೆನೀರು ಒಳಗೆ ಬರಬಾರದು. ವಿದ್ಯುತ್ ಕೇಬಲ್, ನೀರು ಮತ್ತು ಗ್ಯಾಸ್ ಪೈಪುಗಳನ್ನು ಮೊದಲೇ ಗುರುತಿಸಿ.

ನೆಲದಡಿಯ ಇಂಧನ ಟ್ಯಾಂಕು ಖಾಲಿ ಇದೆ ಅಂದರೆ ಇನ್ನೂ ಹೆಚ್ಚು ಹುಷಾರಾಗಿರಬೇಕು. ಒಳಗೆ ತುಂಬಿರುವ ಆವಿಗೆ ಒಂದು ಕಿಡಿ ಸಾಕು. ಆವಿ ಹೊರಹಾಕಿ ಅಥವಾ ನೈಟ್ರೋಜನ್ ತುಂಬಿ, ಉಪಕರಣದಿಂದ ಅಳೆದ ನಂತರವೇ ಎತ್ತಬೇಕು. ಗ್ಯಾಸ್ ಕಟರ್ ಹತ್ತಿರಕ್ಕೂ ಬರಬಾರದು.

ಅಗೆಯುವಾಗ ನೋಡಬೇಕಾದದ್ದು ಮಣ್ಣಿನ ಬಣ್ಣ, ವಾಸನೆ, ಆವಿ ಅಳೆಯುವ ಉಪಕರಣ ತೋರುವ ಅಂಕಿ. ವಾಸನೆ ಬರುತ್ತದಾ ಅಂತ ಬೊಗಸೆಯಲ್ಲಿ ಹಿಡಿದು ಮೂಸಬಾರದು, ಅದಕ್ಕೇ ಉಪಕರಣ ಇರುವುದು. ಕೊಳೆಮಣ್ಣು ಮತ್ತು ಶುದ್ಧ ಮಣ್ಣನ್ನು ಅಲ್ಲೇ ಬೇರೆ ಮಾಡಿ. ಒಂದು ಲೋಡ್ ಕೊಳೆಯನ್ನು ಹತ್ತು ಲೋಡ್ ಒಳ್ಳೆಯ ಮಣ್ಣಿಗೆ ಬೆರೆಸಿದರೆ ಸಿಗುವುದು ಹನ್ನೊಂದು ಲೋಡ್ ಕೊಳೆ. ಧೂಳು ಏಳದಂತೆ ನೀರು ಚಿಮುಕಿಸಬೇಕು, ಆದರೆ ಚಿಮುಕಿಸುವಷ್ಟೇ. ಪೈಪ್ ಹಿಡಿದು ನೆನೆಸಿದರೆ ಮಳೆ ಮಾಡುವ ಕೆಲಸವನ್ನು ನಾವೇ ಮಾಡಿದಂತೆ.

ಇಡೀ ಕೆಲಸದಲ್ಲಿ ಅತಿ ಸೂಕ್ಷ್ಮವಾದ ಜಾಗ ಜೇಡಿಮಣ್ಣಿನ ಪದರ. ಕೊಳೆ ಅದರ ಮೇಲೆ ನಿಂತಿದ್ದರೆ, ಕೆಳಗಿನ ನೀರನ್ನು ಕಾಪಾಡುತ್ತಿರುವುದು ಆ ಪದರವೇ. ಇನ್ನೊಂದಡಿ ತೆಗೆದುಬಿಡೋಣ ಅಂತ ಬಕೆಟ್ ಹಾಕಿ ಅದನ್ನು ತೂತು ಮಾಡಿದರೆ ಮುಗಿಯಿತು. ಅಮೆರಿಕದ ಲವ್ ಕೆನಾಲ್‌ನಲ್ಲಿ ಆದದ್ದು ಮೇಲಿನ ಪದರದ ಕಥೆ. 1942ರಿಂದ 1953ರವರೆಗೆ ಹಳೆಯ ಕಾಲುವೆಯೊಂದಕ್ಕೆ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಸುರಿದು ಜೇಡಿಮಣ್ಣಿನಿಂದ ಮುಚ್ಚಿದ್ದರು. ಆಮೇಲೆ ಅಲ್ಲಿ ಶಾಲೆ, ರಸ್ತೆ, ಚರಂಡಿ ಕಟ್ಟುವಾಗ ಆ ಮುಚ್ಚಳ ಒಡೆಯಿತು. ಮಳೆನೀರು ಒಳಗಿಳಿಯಿತು, ರಾಸಾಯನಿಕ ಉಕ್ಕಿ ಮನೆಗಳ ನೆಲಮಾಳಿಗೆಗೆ ಬಂತು. 1978ರಲ್ಲಿ ತುರ್ತು ಸ್ಥಿತಿ ಘೋಷಿಸಿ ಜನರನ್ನು ಖಾಲಿ ಮಾಡಿಸಬೇಕಾಯಿತು.

ಗುಂಡಿಯಲ್ಲಿ ನೀರು ಒಸರಿದರೆ ಅದನ್ನು ಚರಂಡಿಗೆ ಬಿಡುವಂತಿಲ್ಲ. ಟ್ಯಾಂಕಿಗೆ ಎತ್ತಿ, ಪರೀಕ್ಷಿಸಿ, ಬೇಕಿದ್ದರೆ ಇದ್ದಿಲಿನ ಸೋಸುಕದಲ್ಲಿ ಹಾಯಿಸಿ ಆಮೇಲೆ ಬಿಡಬೇಕು. ಒಂದೂವರೆ ಮೀಟರಿಗಿಂತ ಆಳದ ಗುಂಡಿಗೆ ಆಸರೆ ಇಲ್ಲದೆ ಯಾರನ್ನೂ ಇಳಿಸಬೇಡಿ. ಮಣ್ಣು ಕುಸಿಯುವಾಗ ಹೇಳಿ ಕುಸಿಯುವುದಿಲ್ಲ.

ಅಗೆದದ್ದನ್ನು ಬರಿನೆಲದ ಮೇಲೆ ಸುರಿಯಬೇಡಿ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಬದು ಕಟ್ಟಿ, ಸಂಜೆ ಮೇಲೆ ಟಾರ್ಪಾಲ್ ಹೊದಿಸಿ. ಲಾರಿಯ ಚಕ್ರ ತೊಳೆದು, ಲೋಡ್ ಮುಚ್ಚಿ ಕಳಿಸಿ. ಪ್ರತಿ ಲೋಡಿಗೂ ಚೀಟಿ ಇರಲಿ. ಇಲ್ಲಿಂದ ಹೊರಟ ತೂಕ ಮತ್ತು ಅಲ್ಲಿ ಇಳಿದ ತೂಕ ತಾಳೆಯಾಗಬೇಕು. ತಾಳೆಯಾಗದ ಲೋಡ್ ದಾರಿಯಲ್ಲಿ ಎಲ್ಲೋ ಹಳ್ಳಕ್ಕೆ ಬಿದ್ದಿರುತ್ತದೆ.

ಅಗೆದ ಮಣ್ಣು ತ್ಯಾಜ್ಯ ಹೂಳುವ ಯಾವ ತರಹದ ಗುಂಡಿಗೆ ಹೋಗಬೇಕು ಅನ್ನುವುದನ್ನು, ಅದು ನೀರಿಗೆ ಎಷ್ಟು ಕೊಳೆ ಬಿಟ್ಟುಕೊಡುತ್ತದೆ ಅಂತ ನೋಡುವ ಸೋರಿಕೆ ಪರೀಕ್ಷೆ ಹೇಳುತ್ತದೆ. ಹೆಚ್ಚು ಬಳಕೆಯಲ್ಲಿರುವ ಅಮೆರಿಕದ ವಿಧಾನದಲ್ಲಿ, ಮಣ್ಣಿನ 20 ಪಟ್ಟು ತೂಕದ ಹುಳಿ ದ್ರಾವಣದಲ್ಲಿ ಅದನ್ನು ಸುಮಾರು 18 ಗಂಟೆ ತಿರುಗಿಸುತ್ತಾರೆ. ಆ ದ್ರಾವಣದಲ್ಲಿ ಸೀಸ ಲೀಟರಿಗೆ 5 ಮಿಲಿಗ್ರಾಂ ಮುಟ್ಟಿದರೆ ಅದು ಅಪಾಯಕಾರಿ ತ್ಯಾಜ್ಯ.

ಎಲ್ಲಿ ನಿಲ್ಲಿಸುವುದು?

ಕಣ್ಣಿಗೆ ಮಣ್ಣು ಚೆನ್ನಾಗಿ ಕಂಡಾಗ ಅಲ್ಲ. ಗುಂಡಿಯ ತಳದಿಂದಲೂ ನಾಲ್ಕೂ ಗೋಡೆಗಳಿಂದಲೂ ಮಾದರಿ ತೆಗೆದು, ವರದಿ ಬಂದ ಮೇಲೆ. ಒಂದು ಗೋಡೆಯಲ್ಲಿ ಅಂಕಿ ಜಾಸ್ತಿ ಬಂದರೆ ಆ ಗೋಡೆಯನ್ನಷ್ಟೇ ಮುಂದಕ್ಕೆ ಅಗೆದು ಮತ್ತೆ ಪರೀಕ್ಷೆ. ವರದಿಗೆ ಕಾಯದೆ ಮುಚ್ಚಿಬಿಡುವ ಆತುರ ಇಲ್ಲೇ ಹುಟ್ಟುವುದು. ತೆರೆದ ಗುಂಡಿ, ಬಾಡಿಗೆಗೆ ನಿಂತ ಯಂತ್ರ, ಎಲ್ಲಕ್ಕೂ ದುಡ್ಡು ಓಡುತ್ತಿರುತ್ತದೆ. ಆದರೂ ಕಾಯಬೇಕು. ಪಕ್ಕದವರ ಕಟ್ಟಡ ಅಡ್ಡ ಬಂದು ಕೊಳೆ ಬಿಟ್ಟೇ ಮುಚ್ಚುವ ಪರಿಸ್ಥಿತಿ ಬಂದರೆ, ಆ ಗಡಿಯಲ್ಲಿ ಬಣ್ಣದ ಬಟ್ಟೆಯಂಥ ಹಾಳೆ ಹಾಸಿ, ನಕ್ಷೆಯಲ್ಲಿ ಗುರುತು ಹಾಕಿ. ಮುಂದೆ ಅಗೆಯುವವರಿಗೆ ಅದೇ ಎಚ್ಚರಿಕೆ.

ತುಂಬಲು ತರುವ ಮಣ್ಣಿಗೂ ಪರೀಕ್ಷೆ ಬೇಕು. ಯಾವುದೋ ಹಳೆಯ ಶೆಡ್ಡಿನ ಅವಶೇಷ ತಂದು ಸುರಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಸುಮಾರು 20ರಿಂದ 30 ಸೆಂಟಿಮೀಟರ್ ಪದರಗಳಲ್ಲಿ ಹಾಕಿ, ಒಂದೊಂದನ್ನೂ ಅದುಮುತ್ತಾ ಬನ್ನಿ. ಸುತ್ತ ಜೇಡಿ ಇರುವ ಗುಂಡಿಗೆ ಬರೀ ಜಲ್ಲಿ ತುಂಬಿದರೆ ಅದು ಸ್ನಾನದ ತೊಟ್ಟಿಯಾಗಿ ನೀರು ಹಿಡಿದಿಡುತ್ತದೆ. ಕೊನೆಯ ಪದರ ನಡುವೆ ಉಬ್ಬಿರಲಿ, ಮಳೆನೀರು ಹೊರಕ್ಕೆ ಜಾರಲಿ. ಮುಂದೆ ಅಲ್ಲಿ ಮನೆಗಳು ಬರುವುದಿದ್ದರೆ ನೀರಿನ ಪೈಪಿನ ಕಡೆಯೂ ಗಮನವಿರಲಿ. ಪೆಟ್ರೋಲಿನ ಅಂಶಗಳು ಪ್ಲಾಸ್ಟಿಕ್ ಪೈಪಿನ ಗೋಡೆಯನ್ನೇ ತೂರಿ ಒಳಗಿನ ನೀರಿಗೆ ಸೇರಬಲ್ಲವು. ನೆದರ್ಲೆಂಡ್ಸಿನ ಲೆಕ್ಕರ್ಕರ್ಕ್ ಎಂಬ ಊರಿನ ಹೊಸ ಬಡಾವಣೆಯಲ್ಲಿ ಮಣ್ಣಿನಡಿಯ ರಾಸಾಯನಿಕಗಳು ಹೀಗೆ ಪೈಪುಗಳನ್ನೇ ಹಾಳು ಮಾಡಿದ್ದವು. 1980ರಲ್ಲಿ ಅಲ್ಲಿನವರನ್ನು ಬೇರೆಡೆಗೆ ಕಳಿಸಿ ಮಣ್ಣು ತೆಗೆಯಬೇಕಾಯಿತು.

ಗುಂಡಿ ಮುಚ್ಚಿದ ತಕ್ಷಣ ನೀರು ಶುದ್ಧವಾಗುವುದಿಲ್ಲ. ಮಣ್ಣು ಕದಡಿದ್ದರಿಂದ ಮೊದಲ ತಿಂಗಳುಗಳಲ್ಲಿ ಅಂಕಿ ಸ್ವಲ್ಪ ಏರಲೂಬಹುದು, ಅದಕ್ಕೆ ಗಾಬರಿ ಬೇಡ. ಮೊದಲೇ ನೀರಿಗಿಳಿದಿದ್ದ ಕೊಳೆ ತನ್ನ ಪಾಡಿಗೆ ತಾನು ಸಾಗುತ್ತಿರುತ್ತದೆ. ಅದು ದೊಡ್ಡದಾಗಿದ್ದರೆ ಪಂಪು ಹಚ್ಚಿ ಎತ್ತಿ ಶುದ್ಧ ಮಾಡುವ ಬೇರೆ ಕೆಲಸವೇ ಆಗುತ್ತದೆ. ಮೊದಲು ನೆಲಕ್ಕಿಳಿಸಿದ ಸಣ್ಣ ಕೊಳವೆಗಳ ನೀರನ್ನು ಮೂರು ತಿಂಗಳಿಗೊಮ್ಮೆಯಂತೆ ಕಡಿಮೆಯೆಂದರೆ ಎರಡು ವರ್ಷ ಅಳೆಯಿರಿ. ಮಳೆಗಾಲವೂ ಬೇಸಿಗೆಯೂ ಎರಡೆರಡು ಸಲ ಸಿಕ್ಕರೆ ಅಂಕಿ ನಿಜವಾಗಿ ಇಳಿದಿದೆಯೋ, ನೀರು ಜಾಸ್ತಿಯಾಗಿ ತೆಳುವಾಗಿದೆಯೋ ಗೊತ್ತಾಗುತ್ತದೆ. ಅಲ್ಲಿಯವರೆಗೆ ಆ ಕೊಳವೆಗಳ ಬಾಯಿಗೆ ಬೀಗ ಹಾಕಿ, ಪಕ್ಕದಲ್ಲಿ ಎದ್ದು ಕಾಣುವ ಕಂಬ ನೆಡಿ. ಇಲ್ಲವಾದರೆ ಟಾರು ಹಾಕಲು ಬಂದವರು ಕೊಳವೆಗಳನ್ನೂ ಸೇರಿಸಿ ಮುಚ್ಚಿಬಿಡುತ್ತಾರೆ.