ಹಳೆಯ ಮಿಲ್ಲಿಂಗ್ ಯಂತ್ರದ ಜಿಬ್ ಹೊಂದಿಸಿದ ನನ್ನ ಅನುಭವ

ಕುಶಾಲನಗರದ ನನ್ನ ವರ್ಕ್‌ಶಾಪಿಗೆ ಬರುವ ಕೆಲಸದಲ್ಲಿ ಹೆಚ್ಚಿನ ಪಾಲು ಕಾಫಿ ತೋಟಗಳದ್ದು. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರಿನ ಶಾಫ್ಟಿಗೆ ಕೀ-ವೇ (ಕೀಲಿ ಕೂರುವ ತೋಡು) ಕೊರೆಯಲು ಇಟ್ಟುಕೊಂಡಿರುವ ಹಳೆಯ ಹಾರಿಜಾಂಟಲ್ ಮಿಲ್ಲಿಂಗ್ ಯಂತ್ರದಲ್ಲಿ 8 ಮಿ.ಮೀ. ಕಟರ್ ಹಾಕಿ ಕೊರೆದ ತೋಡು ಒಂದು ತುದಿಯಲ್ಲಿ ಸರಿಯಾಗಿದ್ದು, ಇನ್ನೊಂದು ತುದಿಗೆ ಹೋಗುತ್ತ ಅಗಲವಾಗತೊಡಗಿತ್ತು. ಕಟರ್ ಮತ್ತು ಅದನ್ನು ಹಿಡಿದು ತಿರುಗಿಸುವ ಆರ್ಬರ್ ಎರಡನ್ನೂ ಪರೀಕ್ಷಿಸಿ ದೋಷ ಅಲ್ಲಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ತೋಟಗಳ ಕೆಲಸ ಕಡಿಮೆಯಿರುವ ಮಳೆಗಾಲದಲ್ಲಿ ಟೇಬಲ್ಲನ್ನು ಬಿಚ್ಚಿ, ಅದಕ್ಕೂ ಅದನ್ನು ಹೊರುವ ಸ್ಯಾಡಲ್ಲಿಗೂ ನಡುವಿನ ಸಡಿಲ ತುಂಬುವ ಜಿಬ್ಬನ್ನು, ಅಂದರೆ ಉದ್ದಕ್ಕೆ ದಪ್ಪ ಇಳಿಯುತ್ತ ಹೋಗುವ ಲೋಹದ ಪಟ್ಟಿಯನ್ನು, ನೋಡಲು ನಿರ್ಧರಿಸಿದೆ.

ಬಿಚ್ಚುವ ಮೊದಲು ಸಡಿಲ ಎಲ್ಲಿದೆ ಎಂಬುದನ್ನು ಅಳೆದುಕೊಳ್ಳುವುದು ಅಗತ್ಯ. ಹ್ಯಾಂಡಲ್ ತಿರುಗಿಸಿದಾಗ ಸಿಗುವ ಖಾಲಿ ಆಟ ಟೇಬಲ್ಲನ್ನು ಸರಿಸುವ ಲೀಡ್ ಸ್ಕ್ರೂ ಮತ್ತು ಅದರ ನಟ್ಟಿಗೆ ಸೇರಿದ್ದು. ಅದಕ್ಕೂ ಜಿಬ್ಬಿಗೂ ಸಂಬಂಧವಿಲ್ಲ. ಆದ್ದರಿಂದ ಡಯಲ್ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಸ್ಯಾಡಲ್ ಮೇಲೆ ಕೂರಿಸಿ, ಮುಳ್ಳನ್ನು ಟೇಬಲ್ಲಿನ ಅಂಚಿಗೆ ತಾಗಿಸಿ, ಟೇಬಲ್ಲಿನ ತುದಿಯನ್ನು ಅಡ್ಡಲಾಗಿ ಕೈಯಿಂದ ತಳ್ಳಿ ಎಳೆದು ನೋಡಿದೆ. ಟೇಬಲ್ ನಡುವಿನ ಸ್ಥಾನದಲ್ಲಿದ್ದಾಗ 0.15 ಮಿ.ಮೀ. ಅಲುಗಾಟ ಕಂಡಿತು. ಅದೇ ಟೇಬಲ್ಲನ್ನು ಎಡಕ್ಕೋ ಬಲಕ್ಕೋ ಕೊನೆಯವರೆಗೆ ಒಯ್ದರೆ ಹ್ಯಾಂಡಲ್ ಭಾರವಾಗುತ್ತಿತ್ತು. ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗ, "ಅಣ್ಣಾ, ಜಿಬ್ ಸ್ಕ್ರೂ ಇನ್ನೊಂದು ಸುತ್ತು ಟೈಟ್ ಮಾಡಿದರೆ ಸಾಕಲ್ವಾ?" ಎಂದು ಕೇಳಿದ. ಹಳೆಯ ಯಂತ್ರಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ, ಮತ್ತು ಅದರಿಂದಲೇ ಅವು ಇನ್ನಷ್ಟು ಹಾಳಾಗುವುದು.

ಸವೆತ ಎಲ್ಲ ಕಡೆ ಒಂದೇ ಸಮನಾಗಿ ಆಗುವುದಿಲ್ಲ. ಟೇಬಲ್ಲಿನ ಅಡಿಯ ಡವ್‌ಟೇಲ್ (ಓರೆ ಬದಿಗಳ ಜಾರುಪಟ್ಟಿ) ಸ್ಯಾಡಲ್ಲಿಗಿಂತ ಬಹಳ ಉದ್ದವಾಗಿರುತ್ತದೆ. ದಿನನಿತ್ಯದ ಕೆಲಸವೆಲ್ಲ ನಡುಭಾಗದಲ್ಲೇ ನಡೆಯುವುದರಿಂದ ಅಲ್ಲಿ ಲೋಹ ತೇದುಹೋಗಿ, ಎರಡು ತುದಿಗಳು ಹೆಚ್ಚುಕಡಿಮೆ ಹೊಸದರಂತೆಯೇ ಉಳಿಯುತ್ತವೆ. ನಡುವಿನ ಸಡಿಲಕ್ಕೆ ತಕ್ಕಂತೆ ಜಿಬ್ ಬಿಗಿದರೆ ತುದಿಗಳು ಸ್ಯಾಡಲ್ಲಿನೊಳಗೆ ಬಂದಾಗ ಕಚ್ಚಿಕೊಳ್ಳುತ್ತವೆ. ಆದ್ದರಿಂದ ಸವೆಯದ ತುದಿಯಲ್ಲಿ ಹೊಂದಿಸಿ, ನಡುವೆ ಉಳಿಯುವ ಸಡಿಲವನ್ನು ಒಪ್ಪಿಕೊಳ್ಳಬೇಕು. ಆ ಸಡಿಲವೂ ಬೇಡವೆನ್ನುವವರು ಸ್ಲೈಡನ್ನೇ ಗ್ರೈಂಡ್ ಮಾಡಿಸಬೇಕಾಗುತ್ತದೆ. ಕೀ-ವೇ ಕೊರೆಯುವ ಯಂತ್ರವನ್ನು ಅದಕ್ಕಾಗಿ ಲಾರಿಗೆ ಹೇರಿ ಬೆಂಗಳೂರಿಗೆ ಸಾಗಿಸುವುದು ನನಗೆ ಉಚಿತವೆನಿಸಲಿಲ್ಲ.

ಜಿಬ್ ಹೊರತೆಗೆದಾಗ ಅದರ ಬೆನ್ನಿನ ನಡುಭಾಗದಲ್ಲಿ ಯಾರೋ ಹಿಂದಿನವರು ಕತ್ತರಿಸಿ ತುರುಕಿದ್ದ ತಗಡಿನ ತುಂಡೊಂದು ಸಿಕ್ಕಿತು. ಜಿಬ್ ಸವೆದು ಒಳಗೆ ಹೋಗುವಷ್ಟೂ ಹೋಗಿ, ಸ್ಕ್ರೂಗೆ ಇನ್ನು ಜಾಗವಿಲ್ಲದಾಗ ಮಾಡಿದ ಉಪಾಯವದು. ನಿಖರವಾಗಿ ಸಮತಟ್ಟಾದ ಸರ್ಫೇಸ್ ಪ್ಲೇಟಿನ ಮೇಲೆ ಇಟ್ಟು, ಸಂದು ಅಳೆಯುವ ಫೀಲರ್ ಗೇಜ್ ಹಾಕಿ ನೋಡಿದರೆ ಜಿಬ್ ನಡುವೆ ಟೇಬಲ್ಲಿನ ಕಡೆಗೆ ಉಬ್ಬಿತ್ತು. ಟೇಬಲ್ ಲಾಕ್ ಮಾಡುವ ಬೋಲ್ಟು ಜಿಬ್ಬಿನ ಬೆನ್ನನ್ನು ಸರಿಯಾಗಿ ಅಲ್ಲೇ ಒತ್ತುವುದರಿಂದ, ತಗಡು ಮತ್ತು ಲಾಕ್ ಎರಡೂ ಸೇರಿ ಅದನ್ನು ಬಗ್ಗಿಸಿದ್ದವು. ಹೀಗಾದಾಗ ನಡುವಿನ ಒಂದು ಜಾಗ ಮಾತ್ರ ಉಜ್ಜುತ್ತದೆ. ಹ್ಯಾಂಡಲ್ಲಿಗೆ ಬಿಗಿ ಎನಿಸಿದರೂ ಟೇಬಲ್ ಆ ಒಂದು ಬಿಂದುವಿನ ಸುತ್ತ ಅತ್ತಿತ್ತ ತಿರುಗುತ್ತದೆ.

ಎರಕದ ಕಬ್ಬಿಣದ ಜಿಬ್ಬನ್ನು ವೈಸಿನಲ್ಲಿ ಹಿಡಿದು ಬಗ್ಗಿಸಲು ಹೋದರೆ ಮುರಿಯುವ ಅಪಾಯವಿದೆ. ನಾನು ಅದರ ಒಳಬಾಗಿದ ಬೆನ್ನಿನ ಮೇಲೆ ಗುಂಡುತಲೆಯ ಸುತ್ತಿಗೆಯಿಂದ ಹಗುರವಾಗಿ, ಸಾಲಾಗಿ ಬಡಿಯುತ್ತ ಹೋದೆ. ಬಡಿದ ಮೈ ಚೂರು ಹಿಗ್ಗುವುದರಿಂದ ಬಾಗು ತಾನಾಗಿ ನೇರವಾಗುತ್ತದೆ. ಅನಂತರ ಎದ್ದ ಅಂಚುಗಳನ್ನು ಅರದಿಂದ ಸಮಮಾಡಿ, ಬೆನ್ನಿನ ಉದ್ದಕ್ಕೂ 0.2 ಮಿ.ಮೀ. ಹಿತ್ತಾಳೆ ಶಿಮ್ಮನ್ನು (ತೆಳು ತಗಡನ್ನು) ಎಪಾಕ್ಸಿ ಅಂಟಿನಿಂದ ಅಂಟಿಸಿ, ಚಪ್ಪಟೆ ಪಟ್ಟಿಯ ನಡುವೆ ಕ್ಲ್ಯಾಂಪ್ ಹಾಕಿ ರಾತ್ರಿಯೆಲ್ಲ ಬಿಟ್ಟೆ. ಈ ಜಿಬ್ಬಿನ ಇಳಿಜಾರು 50ಕ್ಕೆ 1ರಂತೆ ಇರುವುದರಿಂದ, 0.2 ಮಿ.ಮೀ. ದಪ್ಪ ಹೆಚ್ಚಿಸಿದರೆ ಜಿಬ್ 10 ಮಿ.ಮೀ. ಹಿಂದಕ್ಕೆ ಬರುತ್ತದೆ. ಹಾಗೆ ಹಿಂದೆ ಸರಿದಾಗ ಎಣ್ಣೆಯ ತೂತು ಸ್ಯಾಡಲ್ಲಿನ ತೂತಿಗೆ ಎದುರಾಗಿ ಉಳಿಯುವುದಿಲ್ಲ. ಶಿಮ್ಮಿನಲ್ಲಿ ತೂತು ಕೊರೆದು, ಅದನ್ನು ಉದ್ದಕ್ಕೆ ಗೆರೆಯಂತೆ ಎಳೆದು ದಾರಿ ಬಿಟ್ಟುಕೊಡುವುದನ್ನು ಮರೆತವರು ಟೇಬಲ್ಲನ್ನು ಒಣಗಿಸಿಬಿಡುತ್ತಾರೆ.

ಹೆಚ್ಚು ಸಮಯ ಬೇಡಿದ್ದು ಸ್ಕ್ರೇಪಿಂಗ್. ಟೇಬಲ್ಲಿನ ಡವ್‌ಟೇಲಿಗೆ ಪ್ರಶ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ಅತಿ ತೆಳುವಾಗಿ ಸವರಿ, ಜಿಬ್ ಕೂರಿಸಿ, ಟೇಬಲ್ಲನ್ನು ಸ್ವಲ್ಪ ಓಡಾಡಿಸಿ, ಜಿಬ್ ತೆಗೆದು ನೋಡಿದರೆ ನೀಲಿ ಹತ್ತಿದ ಜಾಗಗಳು ಉಬ್ಬಿರುವ ಜಾಗಗಳೆಂದು ತಿಳಿಯುತ್ತದೆ. ಅವುಗಳನ್ನಷ್ಟೇ ಸ್ಕ್ರೇಪರಿನಿಂದ ಕೆರೆಯಬೇಕು. ಬಣ್ಣ ದಪ್ಪವಾದರೆ ತಗ್ಗಿಗೂ ಹತ್ತಿ ಸುಳ್ಳು ಹೇಳುತ್ತದೆ. ಮೊದಮೊದಲು ನಡುವೆ ಮಾತ್ರ ಕಾಣುತ್ತಿದ್ದ ನೀಲಿ ಕ್ರಮೇಣ ಎರಡೂ ಕಡೆಗೆ ಹರಡಿ, ಚದರ ಅಂಗುಲಕ್ಕೆ ಹತ್ತು-ಹನ್ನೆರಡು ಚುಕ್ಕೆ ಕಂಡಾಗ ನಿಲ್ಲಿಸಿದೆ. ಈ ದರ್ಜೆಯ ಯಂತ್ರಕ್ಕೆ ಅಷ್ಟು ಸಾಕು. ನಮ್ಮ ಕಡೆಯ ಮಳೆಯಲ್ಲಿ ಕೆರೆದ ಕಬ್ಬಿಣ ಬೆಳಗಾಗುವುದರೊಳಗೆ ತುಕ್ಕಿನ ಬಣ್ಣಕ್ಕೆ ತಿರುಗುವುದರಿಂದ, ಪ್ರತಿ ಸಂಜೆ ಎಣ್ಣೆ ಸವರಿ, ಟಾರ್ಪಾಲಿನ ಅಡಿಯಲ್ಲಿ ಹಳೆಯ ಕಾಲದ ಬಿಸಿಯಾಗುವ ಬಲ್ಬೊಂದನ್ನು ಉರಿಯಲು ಬಿಡುತ್ತಿದ್ದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು.

ಕೊನೆಯ ಹೊಂದಾಣಿಕೆಯನ್ನು ಲೀಡ್ ಸ್ಕ್ರೂ ಕಳಚಿ, ಲಾಕುಗಳನ್ನೆಲ್ಲ ಸಡಿಲಿಸಿ, ಟೇಬಲ್ಲನ್ನು ಕೈಯಿಂದಲೇ ತಳ್ಳುತ್ತ ಮಾಡಿದೆ. ನನ್ನ ಯಂತ್ರದಲ್ಲಿ ಜಿಬ್ಬಿನ ಎರಡೂ ತುದಿಗೆ ಒಂದೊಂದು ಎಂ8 ಸ್ಕ್ರೂ ಇದ್ದು, ದಪ್ಪ ತುದಿಯದು ಜಿಬ್ಬನ್ನು ಒಳಕ್ಕೆ ದೂಡುತ್ತದೆ, ಸಣ್ಣ ತುದಿಯದು ಹಿಂದಕ್ಕೆ ದೂಡುತ್ತದೆ. ಎಂ8 ಸ್ಕ್ರೂವಿನ ಪಿಚ್ 1.25 ಮಿ.ಮೀ. ಆದ್ದರಿಂದ ಒಂದು ಪೂರ್ಣ ಸುತ್ತಿಗೆ ಜಿಬ್ಬಿನ ದಪ್ಪ 0.025 ಮಿ.ಮೀ. ಬದಲಾಗುತ್ತದೆ, ಕಾಲು ಸುತ್ತೆಂದರೆ ಸುಮಾರು 0.006. ಟೇಬಲ್ಲನ್ನು ಬಿಗಿಯಾದ ತುದಿಗೆ ಒಯ್ದು, ಎಳೆತ ತಿಳಿಯುವವರೆಗೆ ದಪ್ಪ ತುದಿಯ ಸ್ಕ್ರೂ ತಿರುಗಿಸಿ, ಕಾಲು ಸುತ್ತು ಬಿಚ್ಚಿ, ಆ ಸ್ಕ್ರೂವಿಗೆ ತಾಗುವವರೆಗೆ ಜಿಬ್ಬನ್ನು ಸಣ್ಣ ತುದಿಯಿಂದ ದೂಡಿದೆ. ಎರಡು ಸ್ಕ್ರೂಗಳ ನಡುವೆ ಜಿಬ್ ಅಲುಗದಂತೆ ಹಿಡಿದಿರಬೇಕು. ಇಲ್ಲವಾದರೆ ಟೇಬಲ್ ಒಂದು ದಿಕ್ಕಿಗೆ ಹೋಗುವಾಗ ಅದನ್ನು ತನ್ನೊಡನೆ ಎಳೆದುಕೊಂಡು ಬಿಗಿಯಾಗುತ್ತದೆ, ಮರಳುವಾಗ ಸಡಿಲವಾಗುತ್ತದೆ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ತಿರುಗಿಬಿಡುವುದರಿಂದ, ಬಿಗಿದ ಮೇಲೆ ಮತ್ತೊಮ್ಮೆ ಅಳೆದೆ. ತುದಿಯಲ್ಲಿ 0.01, ನಡುವೆ 0.03 ಮಿ.ಮೀ. ಬಂತು.

ಸ್ಯಾಡಲ್ ಮತ್ತು ಅದನ್ನು ಹೊತ್ತು ಮೇಲೆ ಕೆಳಗೆ ಸರಿಯುವ ನೀ (knee) ಎರಡರ ಜಿಬ್ಬುಗಳನ್ನು ಇದಕ್ಕೂ ಮೊದಲೇ ಮುಗಿಸಿಕೊಂಡಿದ್ದೆ. ಒಂದರ ಮೇಲೊಂದು ಕೂರುವ ಭಾಗಗಳನ್ನು ಕೆಳಗಿನಿಂದಲೇ ಹೊಂದಿಸುತ್ತ ಬರುವುದು ಸರಿ. ಅವುಗಳಲ್ಲಿ ಸವೆತ ಕಡಿಮೆಯಿದ್ದು, ತೊಳೆದು ಹೊಂದಿಸಿದ್ದೇ ಸಾಕಾಯಿತು. ಟೇಬಲ್ ಲಾಕಿನ ಬೋಲ್ಟಿನ ಮೊನೆ ಜಿಬ್ಬನ್ನು ನೇರವಾಗಿ ಒತ್ತದಂತೆ ನಡುವೆ ಹಿತ್ತಾಳೆಯ ಗುಂಡಿಯೊಂದನ್ನು ಕೂರಿಸಿ, ಲಾಕಿನ ಉದ್ದ ಹಿಡಿಯನ್ನು ಕತ್ತರಿಸಿ ಗಿಡ್ಡಮಾಡಿದೆ. ಹುಡುಗನ ಕೈಬಲವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.