ಹಸ್ತ, ಚಿತ್ತೆ ಮಳೆಗೆ ಮೂಲ್ಕಿಯ ಅಲೆ: ಶಿವಮೊಗ್ಗದಿಂದ ಎರಡು ದಿನ

ಪುನರ್ವಸು ಮಳೆ ಜಡಿ ಹಿಡಿದು ಶಾಲೆಗೆ ರಜೆ ಸಿಕ್ಕಿತೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕಾರುಗಳು ಘಟ್ಟ ಇಳಿಯುತ್ತವೆ. ಈಚೆಗೆ ಅವುಗಳಲ್ಲಿ ಕೆಲವು ಮೂಲ್ಕಿಗೆ ಹೋಗುತ್ತವೆ, ಸರ್ಫಿಂಗ್ ಕಲಿಯಲು. ಹೋಗಿ ನೋಡಿದರೆ ತರಬೇತಿಯೇ ಇರುವುದಿಲ್ಲ. ಅಷ್ಟು ದೂರ ಬಂದದ್ದಕ್ಕೆ ಸೊಂಟದ ಮಟ್ಟಕ್ಕಾದರೂ ಇಳಿಯೋಣ ಎಂದು ಅಪ್ಪ ಮಕ್ಕಳು ಕೈ ಕೈ ಹಿಡಿದು ನೀರಿಗೆ ನಡೆಯುತ್ತಾರೆ. ತುಂಗೆಯಲ್ಲೋ ಶರಾವತಿಯಲ್ಲೋ ಈಜು ಕಲಿತವರ ಧೈರ್ಯ ಅದು. ನದಿ ಕಲಿಸಿದ ಈಜು ಕಡಲಿನಲ್ಲಿ ಅರ್ಧಕ್ಕೆ ಮಾತ್ರ ಒದಗುತ್ತದೆ. ಉಳಿದರ್ಧವನ್ನು ದಡದಲ್ಲಿ ನಿಂತು ಕಲಿತ ಮೇಲೆಯೇ ನೀರಿಗಿಳಿಯಬೇಕು.

ಮೊದಲು ಮಳೆ ಆರಿಸಿ

ಮೃಗಶಿರದಿಂದ ಮಘೆಯವರೆಗೆ, ಅಂದರೆ ಜೂನ್ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ, ಅಲೆಯ ಆಸೆ ಬಿಟ್ಟುಬಿಡಿ. ನೈಋತ್ಯದ ಗಾಳಿ ದಡಕ್ಕೇ ಬೀಸುವುದರಿಂದ ಅಲೆಗಳಿಗೆ ಸಾಲೂ ಇಲ್ಲ, ಬಿಡುವೂ ಇಲ್ಲ. ಒಂದು ಒಡೆದು ಮುಗಿಯುವ ಮೊದಲೇ ಅದರ ಬೆನ್ನ ಮೇಲೆ ಇನ್ನೊಂದು ಬಿದ್ದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೂ ಕಡಲಿಗಿಳಿಯುವುದಿಲ್ಲ. ಮೀನು ಊಟಕ್ಕೆಂದು ಹೋಗುವವರಿಗೂ ಆ ದಿನಗಳಲ್ಲಿ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು.

ಹುಬ್ಬೆ, ಉತ್ತರೆ ಮಳೆಗಳು ಅರೆಬರೆ. ಸರ್ಫಿಂಗ್ ಶಾಲೆಗೆ ಫೋನ್ ಮಾಡಿ ಕೇಳದೆ ಹೊರಡಬೇಡಿ. ಸರಿಯಾದ ಕಾಲ ಹಸ್ತ ಮತ್ತು ಚಿತ್ತೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೆಯ ವಾರದವರೆಗೆ. ಆಗ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಘಟ್ಟದ ಮೇಲೆ ಮೋಡ ಕಟ್ಟಿ ಸಂಜೆ ಗುಡುಗು ಸಮೇತ ಸುರಿಯುತ್ತದೆ. ರಾತ್ರಿ ನೆಲ ಬೇಗ ತಣಿದು, ಕಡಲು ಬೆಚ್ಚಗೇ ಉಳಿಯುವುದರಿಂದ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅಲೆಯ ಮುಖ ಚದುರದೆ ನಿಲ್ಲುವುದು ಈ ಗಾಳಿಯಿಂದ. ಹತ್ತು ಗಂಟೆ ದಾಟಿದ ಮೇಲೆ ಗಾಳಿ ತಿರುಗುತ್ತದೆ, ಅಲೆ ಕೆಡುತ್ತದೆ. ಹೀಗಾಗಿ ಮಳೆಯೂ ಬೇಕು, ಅಲೆಯೂ ಬೇಕು ಎನ್ನುವವರಿಗೆ ಬೆಳಗು ಕಡಲಿಗೆ, ಸಂಜೆ ಜಗಲಿಗೆ.

ಗುರುವಾರ ರಾತ್ರಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಕಡಲ ಮುನ್ಸೂಚನೆ ನೋಡಿ. ಅಲೆಯ ಎತ್ತರ ಅರ್ಧ ಮೀಟರಿನಿಂದ ಒಂದು ಮೀಟರ್ ಇದ್ದರೆ ಹೊಸಬರಿಗೆ ಹೇಳಿ ಮಾಡಿಸಿದ್ದು. ಒಂದೂವರೆ ದಾಟಿದರೆ ಮುಂದಿನ ವಾರಕ್ಕೆ ಹಾಕಿ. ಹವಾಮಾನ ಇಲಾಖೆ ಶಿವಮೊಗ್ಗಕ್ಕಾಗಲೀ ಕರಾವಳಿಗಾಗಲೀ ಆರೆಂಜ್ ಅಲರ್ಟ್ ಕೊಟ್ಟಿದ್ದರೂ ಅಷ್ಟೇ.

ಪಾಠ, ಬೋರ್ಡು, ಚೀಲ

ಪಾಠವನ್ನು ಭಾನುವಾರ ಬೆಳಿಗ್ಗೆ ಆರೂವರೆಗೆ ಕಾಯ್ದಿರಿಸಿ. ಶನಿವಾರ ಐದು ಗಂಟೆ ಕಾರಿನಲ್ಲಿ ಕೂತು ಬಂದು, ಗಾಳಿ ತಿರುಗಿದ ಮೇಲೆ ನೀರಿಗಿಳಿದರೆ ದುಡ್ಡೂ ದಂಡ, ತೋಳೂ ದಂಡ. ಮೂಲ್ಕಿಯಲ್ಲಿ 2004ರಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ಬಿನ ನಂತರ ಕಲಿಸುವವರು ಹಲವರಾಗಿದ್ದಾರೆ. ಯಾರಲ್ಲಿಗೆ ಹೋದರೂ ಎರಡು ಮಾತು ಮೊದಲೇ ಕೇಳಿ: ಒಬ್ಬ ಶಿಕ್ಷಕರಿಗೆ ಎಷ್ಟು ಜನ, ಬೋರ್ಡು ಎಂಥದ್ದು. ಮೂರು ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ ಬೇರೆ ಕಡೆ ನೋಡಿ. ಬೋರ್ಡು ಮೆತ್ತನೆಯ ಫೋಮ್‌ನದು, ಎಂಟು ಅಡಿ. ತೂಕ 80 ಕಿಲೋ ದಾಟಿದವರಿಗೆ ಒಂಬತ್ತು ಅಡಿ. ಗಿಡ್ಡನೆಯ ಹೊಳೆಯುವ ಫೈಬರ್ ಬೋರ್ಡು ಚಿತ್ರಕ್ಕೆ ಚೆಂದ, ಆದರೆ ಹೊಸಬರ ಕೈಯಲ್ಲಿ ಅದು ನಿಲ್ಲುವುದೂ ಇಲ್ಲ, ತಲೆಗೆ ಬಡಿದರೆ ಬಿಡುವುದೂ ಇಲ್ಲ.

ಮೈಗೆ ಅಂಟುವ ಪಾಲಿಯೆಸ್ಟರ್ ತುಂಬುತೋಳಿನ ಅಂಗಿ ಒಯ್ಯಿರಿ. ಹತ್ತಿಯ ಟೀ ಶರ್ಟ್ ನೀರು ಕುಡಿದು ಭಾರವಾಗುತ್ತದೆ, ಬೋರ್ಡಿನ ಮೇಲೆ ಸುಕ್ಕಾಗಿ ಹೊಟ್ಟೆ ತರಚುತ್ತದೆ. ಚಡ್ಡಿಗೆ ಮುಂಭಾಗದಲ್ಲಿ ಜಿಪ್ಪು, ಗುಂಡಿ ಇರಬಾರದು. ದಪ್ಪ ಟರ್ಕಿ ಟವೆಲ್ ಕರಾವಳಿಯ ತೇವದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ತೆಳು ಬೈರಾಸು ಎರಡು ಇಟ್ಟುಕೊಳ್ಳಿ. ಒದ್ದೆ ಬಟ್ಟೆಗೆ ಬೇರೆ ಚೀಲ ಬೇಕೇ ಬೇಕು. ಅಡಿಕೆ ಕೊನೆಗೆ ಕಟ್ಟಿ ಉಳಿದ ಹೊಸ ಪ್ಲಾಸ್ಟಿಕ್ ಕೊಟ್ಟೆ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಪೇಟೆಯಲ್ಲಿ ಮಾರುವ ಪರೆಯಂಥ ಬಳಸಿ ಬಿಸಾಡುವ ರೇನ್‌ಕೋಟನ್ನು ಕೊಳ್ಳಲೇಬೇಡಿ, ಕಡಲ ಗಾಳಿಗೆ ಕಂಕುಳಲ್ಲೇ ಹರಿಯುತ್ತದೆ. ಕೊರಳಿಗೆ ನೇತುಹಾಕುವ ಮೊಬೈಲ್ ಚೀಲವನ್ನು ನಂಬುವ ಮೊದಲು ಒಳಗೆ ಕಾಗದದ ಚೂರಿಟ್ಟು ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿ. ಕಾಗದ ಒದ್ದೆಯಾದರೆ ಚೀಲವನ್ನೇ ಬಿಸಾಡಿ. ಒದ್ದೆಯಾಗದಿದ್ದರೂ ಮೊಬೈಲನ್ನು ಕೋಣೆಯಲ್ಲೇ ಬಿಡುವುದು ಮೇಲು.

ಘಾಟಿ

ಶನಿವಾರ ಬೆಳಿಗ್ಗೆ ಐದೂವರೆಗೆ ಶಿವಮೊಗ್ಗ ಬಿಟ್ಟರೆ ತೀರ್ಥಹಳ್ಳಿಯಲ್ಲಿ ತಿಂಡಿ, ಆಮೇಲೆ ಆಗುಂಬೆ. ಹದಿನಾಲ್ಕು ತಿರುವುಗಳನ್ನೂ ಎರಡನೇ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನು ತಿರುವಿಗೆ ಮೊದಲು ಒತ್ತಿ, ತಿರುವಿನೊಳಗೆ ಬಿಡಿ; ಕೆಳಗಿನವರೆಗೂ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಮರಳುತ್ತದೆ, ಲೋಬೀಮ್ ಸಾಕು. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಹೊಸ ಚಟ ಬಿಡಿ, ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ಗೊತ್ತಾಗುವುದಿಲ್ಲ. ಗಾಜಿಗೆ ಒಳಗಿನಿಂದ ಹಬೆ ಕಟ್ಟಿದರೆ ಎ.ಸಿ. ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಿ. ಬಟ್ಟೆಯಲ್ಲಿ ಒರೆಸುತ್ತ ಓಡಿಸಬೇಡಿ. ಏರಿ ಬರುವವರಿಗೆ ದಾರಿ ಬಿಡಿ. ಸೂರ್ಯಾಸ್ತದ ಕಟ್ಟೆಯ ಬಳಿ ಇಳಿದವರು ಹುಲ್ಲಿಗೆ ಕಾಲಿಡುವ ಮುನ್ನ ಉಂಬಳದ ನೆನಪಿಟ್ಟುಕೊಳ್ಳಿ, ಪಾದಕ್ಕೆ ಹೊಗೆಸೊಪ್ಪು ಸುಣ್ಣ ತಿಕ್ಕಿದರೆ ಹತ್ತುವುದಿಲ್ಲ.

ಗುಡ್ಡ ಕುಸಿದು ಆಗುಂಬೆ ಬಂದ್ ಆಗಿದ್ದರೆ ತೀರ್ಥಹಳ್ಳಿಯಿಂದ ಮಾಸ್ತಿಕಟ್ಟೆ, ಹುಲಿಕಲ್ ಘಾಟಿ, ಸಿದ್ದಾಪುರ, ಕುಂದಾಪುರ, ದೂರ ಹೆಚ್ಚು. ಆಗುಂಬೆಯಲ್ಲೇ ಇಳಿದರೆ ಮುಂದೆ ಹೆಬ್ರಿ, ಉಡುಪಿ, ಕಾಪು, ಪಡುಬಿದ್ರಿ ದಾಟಿದರೆ ಮೂಲ್ಕಿ. ಒಟ್ಟು ಸುಮಾರು 180 ಕಿ.ಮೀ.

ಕಡಲನ್ನು ಓದುವುದು

ಎಡವುವುದು ಇಲ್ಲೇ. ಶನಿವಾರ ಸಂಜೆ ಮಳೆ ಇಲ್ಲದಿದ್ದರೆ ದಡದಲ್ಲಿ ಎತ್ತರದ ಜಾಗ ಹುಡುಕಿ ಹದಿನೈದು ನಿಮಿಷ ಸುಮ್ಮನೆ ನೋಡಿ. ಭಾನುವಾರ ಪಾಠಕ್ಕೆ ಮೊದಲು ಮತ್ತೊಮ್ಮೆ ನೋಡಿ.

ಶಾಂಭವಿ, ನಂದಿನಿ ಎರಡೂ ಸಸಿಹಿತ್ಲು ಬಳಿ ಕೂಡಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಈ ಹೊಳೆಗಳು ತಂದು ಹಾಕಿದ ಮರಳು ನೀರಿನಡಿ ದಿಬ್ಬವಾಗುತ್ತದೆ, ಅಲೆ ಆ ದಿಬ್ಬಕ್ಕೆ ಎಡವಿ ಎದ್ದು ಒಡೆಯುತ್ತದೆ. ಸರ್ಫಿಂಗಿಗೆ ಈ ಜಾಗ ಒದಗುವುದು ಅದಕ್ಕೇ. 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆದದ್ದೂ ಸಸಿಹಿತ್ಲುವಿನಲ್ಲಿ. ಆದರೆ ಪ್ರತಿ ಮಳೆಗಾಲದ ನೆರೆ ದಿಬ್ಬವನ್ನು ಸರಿಸಿ ಬೇರೆ ಕಡೆ ಇಡುತ್ತದೆ. ಹೋದ ವರ್ಷ ಮೊಣಕಾಲುದ್ದ ಇದ್ದಲ್ಲಿ ಈ ವರ್ಷ ಆಳು ಮುಳುಗುವಷ್ಟಿರಬಹುದು. "ನಮಗೆ ಈ ಜಾಗ ಗೊತ್ತು" ಎನ್ನುವ ಮಾತಿಗೆ ಅಳಿವೆಯಲ್ಲಿ ಬೆಲೆಯಿಲ್ಲ. ಶಿಕ್ಷಕರಿಲ್ಲದೆ ಅಳಿವೆಯ ಕೂಗಳತೆಯಲ್ಲೂ ನೀರಿಗಿಳಿಯಬೇಡಿ. ಕಡಲು ಇಳಿತದಲ್ಲಿದ್ದು ಮೇಲೆ ಮಳೆಯೂ ಆಗಿದ್ದರೆ ಹೊಳೆಯ ನೀರು, ಭರತದಲ್ಲಿ ಒಳಬಂದ ನೀರು ಎರಡೂ ಒಟ್ಟಿಗೇ ಹೊರಗೆ ನುಗ್ಗುತ್ತವೆ. ನೀರು ಕೆಮ್ಮಣ್ಣಿನ ಬಣ್ಣದಲ್ಲಿದ್ದರೆ ಅಂದು ಪಾಠವೇ ಬೇಡ. ಅದರಲ್ಲಿ ಮರದ ದಿಮ್ಮಿ, ತೆಂಗಿನ ಮಡಲು, ಊರ ಚರಂಡಿಯ ಕೊಳೆ ಎಲ್ಲ ತೇಲಿ ಬರುತ್ತವೆ.

ಅಳಿವೆಯಿಂದ ದೂರವಿದ್ದರೂ ಸೆಳೆತ ಇರುತ್ತದೆ. ಹೊಳೆಯಲ್ಲಿ ಬಿಳಿ ನೊರೆ ಎಂದರೆ ಬಂಡೆ, ಅಪಾಯ. ನೀರು ಸಮವಾಗಿದ್ದಲ್ಲಿ ಇಳಿಯುವುದು ನಮ್ಮ ರೂಢಿ. ಕಡಲಿನ ದಡದಲ್ಲಿ ಈ ಲೆಕ್ಕ ತಲೆಕೆಳಗು. ಅಲೆಗಳು ದಡಕ್ಕೆ ತಂದು ಗುಡ್ಡೆ ಹಾಕಿದ ನೀರು ಹಿಂದೆ ಹೋಗಲೇಬೇಕು. ಅದು ದಿಬ್ಬಗಳ ನಡುವೆ ಕಾಲುವೆ ಕೊರೆದುಕೊಂಡು ಹೋಗುತ್ತದೆ. ಕಾಲುವೆ ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಎರಡು ಕಡೆ ನೊರೆ, ನಡುವೆ ಕಪ್ಪಗೆ ಶಾಂತವಾಗಿ ಕಾಣುವ ಪಟ್ಟಿ: ಅದೇ ಸೆಳೆತ. ಹೊಸಬರು ಮಕ್ಕಳನ್ನು ಕರೆದುಕೊಂಡು ಇಳಿಯುವುದು ಸರಿಯಾಗಿ ಅಲ್ಲಿಗೇ. ಅನುಮಾನವಿದ್ದರೆ ತೆಂಗಿನ ಚಿಪ್ಪೊಂದನ್ನು ಎಸೆದು ನೋಡಿ. ನೊರೆಯಲ್ಲಿ ಬಿದ್ದದ್ದು ದಡಕ್ಕೆ ಬರುತ್ತದೆ, ಪಟ್ಟಿಯಲ್ಲಿ ಬಿದ್ದದ್ದು ಹೊರಗೆ ಹೋಗುತ್ತದೆ.

ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಈಜಬೇಡಿ, ಸೋಲುವುದು ನೀವೇ. ನಮ್ಮ ನದಿಯ ಈಜು ಒದಗುವುದು ಇಲ್ಲಿ. ತುಂಗೆಯನ್ನು ದಾಟುವಾಗ ಹರಿವಿಗೆ ಎದುರಾಗಿ ಯಾರೂ ಈಜುವುದಿಲ್ಲ, ಅಡ್ಡ ಹೋಗುತ್ತಾರೆ. ಇಲ್ಲೂ ಹಾಗೆಯೇ: ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಹೋಗಿ. ನೊರೆ ಸಿಕ್ಕ ಮೇಲೆ ಅದೇ ದಡಕ್ಕೆ ತಳ್ಳುತ್ತದೆ. ಕೈ ಸೋತಿದ್ದರೆ ಬೋರ್ಡನ್ನು ತಬ್ಬಿ ಮಲಗಿ ಒಂದು ಕೈ ಎತ್ತಿ ಹಿಡಿಯಿರಿ. ಬೋರ್ಡು ಬಿಟ್ಟು ಈಜಲು ಹೊರಡುವುದು ದೊಡ್ಡ ತಪ್ಪು, ಅದು ನಿಮ್ಮ ದೋಣಿ.

ಬೋರ್ಡಿನ ಮೇಲೆ ನಿಲ್ಲುವುದು

ಮೊದಲ ಇಪ್ಪತ್ತು ಸಲ ಮರಳಿನ ಮೇಲೆ. ಯಾವ ಕಾಲು ಹಿಂದೆ ಎಂದು ತಿಳಿಯಲು ಕಣ್ಣು ಮುಚ್ಚಿ ನಿಂತು ಹಿಂದಿನಿಂದ ಯಾರಾದರೂ ಮೆಲ್ಲಗೆ ತಳ್ಳಲಿ. ಮುಂದೆ ಬಂದ ಕಾಲು ಬೋರ್ಡಿನಲ್ಲೂ ಮುಂದೆ. ಹಗ್ಗ, ಅಂದರೆ ಲೀಶ್, ಹಿಂದಿನ ಕಾಲಿನ ಹರಡಿಗೆ. ಕೈಗೆ ಸುತ್ತಿಕೊಂಡರೆ ಅಲೆ ಎಳೆದಾಗ ಬೆರಳು ಹೋಗುತ್ತದೆ.

ಮಲಗಿದಾಗ ಕಾಲ್ಬೆರಳು ಬೋರ್ಡಿನ ಹಿಂತುದಿಗೆ ತಾಗಿರಲಿ, ಮುಂತುದಿ ನೀರಿನಿಂದ ಎರಡು ಬೆರಳು ಮೇಲಿರಲಿ. ಮುಂದೆ ಸರಿದರೆ ಬೋರ್ಡು ಮೂಗು ಕುತ್ತಿ ನಿಮ್ಮನ್ನು ಎಸೆಯುತ್ತದೆ. ಹಿಂದೆ ಸರಿದರೆ ಅಲೆ ಅಡಿಯಿಂದ ಹಾದುಹೋಗುತ್ತದೆ, ನೀವು ಅಲ್ಲೇ. ಏಳುವಾಗ ಅಂಗೈ ಪಕ್ಕೆಲುಬಿನ ಪಕ್ಕ ಬೋರ್ಡಿನ ಮೇಲೆ ಚಪ್ಪಟೆಯಾಗಿ ಊರಬೇಕು, ಅಂಚು ಹಿಡಿಯಬಾರದು. ಎರಡೂ ಪಾದ ಒಂದೇ ನೆಗೆತಕ್ಕೆ ಎದೆಯಡಿಗೆ ಬರಬೇಕು. ಮೊದಲು ಮಂಡಿ ಊರಿ ಆಮೇಲೆ ಏಳುವ ಸುಲಭದ ದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಬೇಡ. ಆ ಅಭ್ಯಾಸ ಹತ್ತಿದರೆ ಬಿಡಿಸುವುದು ಕಷ್ಟ.

ನೀರಿನಲ್ಲಿ ಸೊಂಟದ ಆಳ ಸಾಕು, ಒಡೆದು ಬಂದ ನೊರೆ ಅಲೆಯಷ್ಟೇ ನಿಮ್ಮದು. ಬೋರ್ಡನ್ನು ಪಕ್ಕದಲ್ಲಿ ಹಿಡಿದು, ಮೂಗನ್ನು ಅಲೆಗೆ ನೇರವಾಗಿಟ್ಟು ನಡೆಯಿರಿ. ನಿಮಗೂ ಅಲೆಗೂ ನಡುವೆ ಅಡ್ಡ ಹಿಡಿದರೆ ಅದು ಬಂದು ಹೊಟ್ಟೆಗೋ ಹಲ್ಲಿಗೋ ಬಡಿಯುತ್ತದೆ. ನೊರೆ ನಾಲ್ಕೈದು ಮಾರು ದೂರವಿರುವಾಗ ದಡದ ಕಡೆ ತಿರುಗಿ ಮಲಗಿ ಕೈಹುಟ್ಟು ಹಾಕಿ. ಕಾಲಿನ ಕಡೆಯಿಂದ ನೂಕಿದ್ದು ಗೊತ್ತಾದ ಮೇಲೆ ಇನ್ನೂ ಎರಡು ಹುಟ್ಟು, ಆಮೇಲೆ ಏಳಿ. ಹತ್ತಕ್ಕೆ ಎಂಟು ಜನ ಬೀಳುವುದು ನೂಕು ಸಿಕ್ಕ ಕ್ಷಣವೇ ಏಳಲು ಹೋಗಿ. ಬೋರ್ಡಿಗೆ ಇನ್ನೂ ವೇಗ ಬಂದಿರುವುದಿಲ್ಲ. ಕಣ್ಣು ದಡದ ತೆಂಗಿನ ಮರದ ಮೇಲಿರಲಿ. ಪಾದ ನೋಡಿದವರು ಪಾದದ ಬಳಿಗೇ ಬೀಳುತ್ತಾರೆ.

ಬೀಳುವುದನ್ನೂ ಕಲಿಯಬೇಕು. ಬೋರ್ಡಿನ ಪಕ್ಕಕ್ಕೆ, ಕುಂಡೆ ಅಥವಾ ಬೆನ್ನು ಮೊದಲಾಗಿ, ಚಪ್ಪಟೆಯಾಗಿ ಬೀಳಿ. ತುಂಗೆಯ ಮಡುವಿಗೆ ಹಾರುವ ಹಾಗೆ ತಲೆ ಮುಂದಾಗಿ ಹಾರಿದರೆ ಕುತ್ತಿಗೆ ಮರಳಿಗೆ ಬಡಿಯುತ್ತದೆ. ಮೇಲೆ ಬರುವಾಗ ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡು ಬನ್ನಿ, ಲೀಶ್ ಎಳೆದು ಬೋರ್ಡು ವಾಪಸ್ ಹಾರಿ ಬರುತ್ತಿರುತ್ತದೆ.

ಒಂದೂವರೆ ಗಂಟೆ ಸಾಕು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಕೂಡಲೇ ದಡಕ್ಕೆ ಬಂದು ಕಟ್ಟಡದೊಳಗೆ ಹೋಗಿ, ತೆಂಗಿನ ಮರದಡಿಗಲ್ಲ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯದೆ ಮತ್ತೆ ಇಳಿಯಬೇಡಿ.

ಮಳೆ ಹಿಡಿದ ಸಂಜೆ, ವಾಪಸ್

ಶನಿವಾರ ಸಂಜೆ ಮಳೆ ಹಿಡಿದರೆ ಗೋಳಿಬಜೆ, ಸಿಕ್ಕರೆ ಪತ್ರೊಡೆ. ಹೊಳವಾದರೆ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಊರೊಳಗೇ ಇದೆ.

ಭಾನುವಾರ ಹನ್ನೊಂದಕ್ಕೆ ಹೊರಟು, ಮಧ್ಯೆ ಉಂಡು, ಮೂರು ಗಂಟೆಯೊಳಗೆ ಆಗುಂಬೆ ಘಾಟಿಯ ಬುಡದ ಸೋಮೇಶ್ವರ ದಾಟಿ. ಆಮೇಲೆ ಘಾಟಿಯಲ್ಲಿ ಮಂಜು, ಗುಡುಗು ಎರಡೂ ಒಟ್ಟಿಗೆ ಸಿಗುತ್ತವೆ. ಮನೆಗೆ ಬಂದವರು ಒದ್ದೆ ಬಟ್ಟೆಯನ್ನು ನೇರ ಅಗ್ಗಿಷ್ಟಿಕೆಯ ಮೇಲೆ ಹರವುತ್ತಾರೆ, ಮೂರು ದಿನವಾದರೂ ಪಸೆ ಹೋಗಲಿಲ್ಲ ಎನ್ನುತ್ತಾರೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮೊದಲು ಸಿಹಿನೀರಿನಲ್ಲಿ ಎರಡು ಸಲ ಜಾಲಿಸಿ ಹಿಂಡಿ. ಪಾಲಿಯೆಸ್ಟರ್ ಅಂಗಿಯನ್ನು ಕೆಂಡದಿಂದ ದೂರ, ಗಾಳಿಗೆ ಹಾಕಿ; ಬೈರಾಸನ್ನು ಬೇಕಾದರೆ ಅಗ್ಗಿಷ್ಟಿಕೆಗೆ.