ಹುಲ್ಲುಗಾವಲಿನಲ್ಲಿ ಪೋಷಕಾಂಶ ಪ್ರಯೋಗ: ಮೊದಲ ವರ್ಷದ ಕೆಲಸ

ಹುಲ್ಲಿನ ಬೆಳವಣಿಗೆಯನ್ನು ತಡೆದಿರುವುದು ಸಾರಜನಕದ ಕೊರತೆಯೋ ರಂಜಕದ್ದೋ ಎಂಬುದು ಮಣ್ಣು ಪರೀಕ್ಷೆಯ ವರದಿಯೊಂದರಿಂದ ತಿಳಿಯುವುದಿಲ್ಲ. ಹಾಕಿ ನೋಡಬೇಕು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳಾದ ಲಾಸ್ ಮತ್ತು ಗಿಲ್ಬರ್ಟ್ 1856ರಲ್ಲಿ ಶುರು ಮಾಡಿದ, ಹುಲ್ಲಿಗೆ ಬೇರೆಬೇರೆ ಗೊಬ್ಬರ ಹಾಕಿ ನೋಡುವ ಪಾರ್ಕ್ ಗ್ರಾಸ್ ಪ್ರಯೋಗ ಇಂದಿಗೂ ನಡೆಯುತ್ತಿದೆ. ಹಲವು ದೇಶಗಳಲ್ಲಿ ಒಂದೇ ಕ್ರಮದಲ್ಲಿ ಪ್ರಯೋಗ ನಡೆಸುವ ‘ನ್ಯೂಟ್ರಿಯೆಂಟ್ ನೆಟ್‌ವರ್ಕ್’ನ ವಿನ್ಯಾಸ ಹೊಸ ಸಂಶೋಧಕರಿಗೆ ಹೆಚ್ಚು ಅನುಕೂಲ. ಕೆಳಗಿನ ಅಳತೆಗಳು ಬಹುತೇಕ ಅದರವೇ.

ಮೊದಲು ಜಾಗ. ಕುದುರೆಮುಖ, ಬಾಬಾಬುಡನ್‌ಗಿರಿಯಂಥ ಶೋಲಾ ಹುಲ್ಲುಗಾವಲಿಗೆ (ಬೆಟ್ಟದ ಮೇಲೆ ಸಣ್ಣ ಕಾಡುಗಳ ನಡುವೆ ಇರುವ ಹುಲ್ಲುಗಾವಲು) ಗೊಬ್ಬರ ಹಾಕಲೇಬೇಡಿ. ಬಡ ಮಣ್ಣಿಗೆ ಒಗ್ಗಿಕೊಂಡ ಸಸ್ಯಗಳು ಅಲ್ಲಿಂದ ಒಮ್ಮೆ ಹೋದರೆ ಮರಳುವ ಭರವಸೆಯಿಲ್ಲ. ವಿಶ್ವವಿದ್ಯಾಲಯದ ಜಮೀನು ಅಥವಾ ಪಂಚಾಯಿತಿ ಒಪ್ಪಿದ ಗೋಮಾಳದ ಒಂದು ಮೂಲೆ ಸಾಕು. ಅರಣ್ಯ ಭೂಮಿಯಾದರೆ ಇಲಾಖೆಯ ಲಿಖಿತ ಅನುಮತಿ ಬೇಕು. ಗೋಮಾಳದಲ್ಲಿ ಬೇಲಿ ಹಾಕದಿದ್ದರೆ ಗೊಬ್ಬರ ಬಿದ್ದ ಹಸಿರು ಹುಲ್ಲನ್ನೇ ದನಗಳು ಮೊದಲು ಮೇಯುತ್ತವೆ, ತೂಕದ ಲೆಕ್ಕ ತಲೆಕೆಳಗಾಗುತ್ತದೆ.

5 × 5 ಮೀಟರ್ ತಾಕುಗಳನ್ನು ಅಳೆದು ಗೂಟ ಹೊಡೆಯಿರಿ, ನಡುವೆ 1 ಮೀಟರ್ ದಾರಿ ಬಿಡಿ. ಸಾರಜನಕ, ರಂಜಕ, ಪೊಟ್ಯಾಶಿಯಂ ಈ ಮೂರನ್ನು ಹಾಕುವ, ಹಾಕದಿರುವ ಎಲ್ಲ ಜೋಡಣೆ ಸೇರಿ ಎಂಟು ತಾಕು. ಇಂಥ ಎಂಟರ ಗುಂಪು ಒಂದು ಬ್ಲಾಕ್. ಕನಿಷ್ಠ ಮೂರು ಬ್ಲಾಕ್ ಬೇಕು. ಇಳಿಜಾರಿದ್ದರೆ ಮೇಲಿನದೊಂದು, ನಡುವಿನದೊಂದು, ಕೆಳಗಿನದೊಂದು ಎಂದು ಬ್ಲಾಕ್ ಮಾಡಿ. ಯಾವ ತಾಕಿಗೆ ಏನು ಎಂಬುದನ್ನು ಪ್ರತಿ ಬ್ಲಾಕಿಗೂ ಬೇರೆಯಾಗಿ ಚೀಟಿ ಎತ್ತಿ ನಿರ್ಧರಿಸಿ.

ಗೊಬ್ಬರ ಹಾಕುವ ಮೊದಲೇ ಮಣ್ಣು ತೆಗೆಯಬೇಕು. ಮೇಲಿನ ಕಸಕಡ್ಡಿ ಸರಿಸಿ, 2.5 ಸೆಂ.ಮೀ. ವ್ಯಾಸದ ಕೊಳವೆಯಿಂದ 10 ಸೆಂ.ಮೀ. ಆಳದ ಮೂರು ಮಾದರಿ ತೆಗೆದು, ತಾಕುವಾರು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ. ಸತು ಲೇಪಿತ ತಗಡಿನ ಬಕೆಟ್ ಬೇಡ, ಮಾದರಿಯಲ್ಲಿ ಸತುವಿನ ಪ್ರಮಾಣ ಏರಿಬಿಡುತ್ತದೆ. ಗಿಡ ಹೀರುವ ಸಾರಜನಕದ ರೂಪಗಳಾದ ನೈಟ್ರೇಟ್, ಅಮೋನಿಯಂ ಅಳೆಯುವ ಭಾಗವನ್ನು ಐಸ್ ಪೆಟ್ಟಿಗೆಯಲ್ಲಿ ತಂದು, 2 ಮಿ.ಮೀ. ಜರಡಿ ಹಿಡಿದು, ಸಾಧ್ಯವಾದರೆ 24 ಗಂಟೆಯೊಳಗೆ 10 ಗ್ರಾಂ ಹಸಿ ಮಣ್ಣಿಗೆ 50 ಮಿ.ಲೀ. ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣ ಹಾಕಿ ಒಂದು ಗಂಟೆ ಅಲುಗಿಸಿ, ಸೋಸಿ. ದ್ರಾವಣ 2 ಮೋಲಾರ್ ಇರಬೇಕು, ಅಂದರೆ ಲೀಟರಿಗೆ 149 ಗ್ರಾಂ. ಮಣ್ಣನ್ನು ಬಿಸಿಲಿಗೆ ಒಣಹಾಕಿದರೆ ಸೂಕ್ಷ್ಮಜೀವಿಗಳು ಆ ಹೊತ್ತಿನಲ್ಲೇ ನೈಟ್ರೇಟ್ ಪ್ರಮಾಣವನ್ನು ಬದಲಿಸುತ್ತವೆ. ಸೋಸುವ ಕಾಗದದಲ್ಲೇ ಅಮೋನಿಯಂ ಇರುವುದುಂಟು. ಅದನ್ನು ಮೊದಲು ಅದೇ ದ್ರಾವಣದಿಂದ ತೊಳೆಯಿರಿ, ಮಣ್ಣಿಲ್ಲದ ಬರೀ ದ್ರಾವಣವನ್ನೂ ಅದೇ ಕ್ರಮದಲ್ಲಿ ಸೋಸಿ ಅಳೆಯಿರಿ. ರಂಜಕಕ್ಕೆ ಒಣಗಿಸಿದ ಮಣ್ಣು ನಡೆಯುತ್ತದೆ. ಮಣ್ಣಿನಿಂದ ಅದನ್ನು ದ್ರಾವಣಕ್ಕೆ ಬಿಡಿಸಿ ಅಳೆಯಲು ಎರಡು ವಿಧಾನಗಳಿವೆ: ಮಲೆನಾಡಿನ ಹುಳಿ ಮಣ್ಣಿಗೆ ಬ್ರೇ ವಿಧಾನ, ಬಯಲುಸೀಮೆಯ ಕಪ್ಪು ಮಣ್ಣಿಗೆ ಓಲ್ಸನ್ ವಿಧಾನ. ಇವೆರಡರ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಹೋಲಿಸಬಾರದು.

ಹೆಚ್ಚು ಮಂದಿ ಎಡವುವುದು ಗೊಬ್ಬರದ ಲೆಕ್ಕದಲ್ಲಿ. ಒಂದೊಂದು ಪೋಷಕಾಂಶವೂ ಪ್ರತಿ ಚದರ ಮೀಟರಿಗೆ ವರ್ಷಕ್ಕೆ 10 ಗ್ರಾಂ, ಅಂದರೆ ತಾಕಿಗೆ 250 ಗ್ರಾಂ ಬೇಕಾದದ್ದು ಮೂಲಧಾತು, ಚೀಲದೊಳಗಿನ ಗೊಬ್ಬರವಲ್ಲ. ಯೂರಿಯಾದಲ್ಲಿ 46% ಸಾರಜನಕವಿರುವುದರಿಂದ 543 ಗ್ರಾಂ. ಟ್ರಿಪಲ್ ಸೂಪರ್ ಫಾಸ್ಫೇಟ್ ಚೀಲದ ಮೇಲಿನ 46% ರಂಜಕದ್ದಲ್ಲ, ಅದರ ಆಕ್ಸೈಡಿನದು. 0.436ರಿಂದ ಗುಣಿಸಿದರೆ ರಂಜಕ ಸುಮಾರು 20%, ಹಾಗಾಗಿ 1.25 ಕೆ.ಜಿ. ಬೇಕು. ಗುಣಿಸದೆ 543 ಗ್ರಾಂ ಹಾಕಿದವರು ಅರ್ಧಕ್ಕಿಂತ ಕಡಿಮೆ ರಂಜಕ ಕೊಟ್ಟು, ‘ಪರಿಣಾಮವಿಲ್ಲ’ ಎಂದು ಬರೆಯುತ್ತಾರೆ. 50% ಪೊಟ್ಯಾಶ್ (ಪೊಟ್ಯಾಶಿಯಂನ ಆಕ್ಸೈಡ್) ಇರುವ ಪೊಟ್ಯಾಶಿಯಂ ಸಲ್ಫೇಟಿಗೆ ಗುಣಕ 0.83, ತಾಕಿಗೆ 602 ಗ್ರಾಂ. ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಬಳಸಬೇಡಿ, ಅದರ 18% ಸಾರಜನಕ ರಂಜಕದ ತಾಕನ್ನು ಕೆಡಿಸುತ್ತದೆ. ನಮ್ಮಲ್ಲಿ ಸಿಗುವ ಯೂರಿಯಾ ಬೇವು ಲೇಪಿತ. ಅದು ನೈಟ್ರೇಟ್ ಆಗುವುದನ್ನು ನಿಧಾನಿಸುತ್ತದೆ, ಟಿಪ್ಪಣಿಯಲ್ಲಿ ಬರೆದಿಡಿ.

ಮುಂಗಾರು ಹಿಡಿದ ಮೇಲೆ, ಸಣ್ಣ ಮಳೆಯ ಮುನ್ನ ಎರಚಿ. ಒಣ ನೆಲದ ಮೇಲೆ, ಅದರಲ್ಲೂ ಕಪ್ಪು ಮಣ್ಣಿನಲ್ಲಿ, ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ಜಡಿಮಳೆಗೆ ಪಕ್ಕದ ತಾಕಿಗೆ ಕೊಚ್ಚಿಹೋಗುತ್ತದೆ. ತಾಕಿನ ಪಾಲನ್ನು ಎರಡು ಭಾಗ ಮಾಡಿ, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಚೆಲ್ಲಿದರೆ ಸಮನಾಗಿ ಬೀಳುತ್ತದೆ.

ಪ್ರತಿ ತಾಕಿನಲ್ಲಿ 1 × 1 ಮೀಟರ್ ಶಾಶ್ವತ ಚೌಕ ಗುರುತಿಸಿ, ಯಾವ ಸಸ್ಯ ಎಷ್ಟು ಶೇಕಡಾ ಹರಡಿದೆ ಎಂದು ಬರೆಯಿರಿ. ಅಲ್ಲಿ ಕತ್ತರಿಸಬೇಡಿ, ಕಾಲಿಡಬೇಡಿ. ಹುಲ್ಲು ತುಂಬಿ ನಿಂತಾಗ ಬೇರೆ ಜಾಗದಲ್ಲಿ 10 ಸೆಂ.ಮೀ. ಅಗಲ, 1 ಮೀಟರ್ ಉದ್ದದ ಎರಡು ಪಟ್ಟಿಯನ್ನು ನೆಲಮಟ್ಟಕ್ಕೆ ಕೊಯ್ದು, ಈ ವರ್ಷದ ಹುಲ್ಲನ್ನು ಹಳೆಯ ಒಣಹುಲ್ಲಿನಿಂದ ಬೇರ್ಪಡಿಸಿ, 60 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ ತೂಗಿ. ಎರಡೂ ಪಟ್ಟಿ ಸೇರಿ ಗ್ರಾಂನಲ್ಲಿ ಬಂದ ತೂಕವನ್ನು 5ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಮುಂದಿನ ವರ್ಷ ಪಟ್ಟಿಯ ಜಾಗ ಬದಲಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ನೆಲಮಟ್ಟದ ಬೆಳಕನ್ನೂ ಅಳೆಯಿರಿ. ಗೊಬ್ಬರದಿಂದ ಎತ್ತರದ ಹುಲ್ಲು ಕೊಬ್ಬಿದಾಗ ಬುಡದ ಗಿಡಗಳು ಬೆಳಕಿಲ್ಲದೆ ಸಾಯುತ್ತವೆ. ಸಸ್ಯವೈವಿಧ್ಯ ಕುಸಿಯಲು ಇದೊಂದು ದೊಡ್ಡ ಕಾರಣ.

ಫಲಿತಾಂಶ ಬರೆಯುವಾಗ ಒಂದೇ ತಾಕಿನಿಂದ ಹಲವು ಮಾದರಿ ತೆಗೆದರೂ ಅವನ್ನು ಪ್ರಯೋಗದ ಬೇರೆಬೇರೆ ಪುನರಾವರ್ತನೆಯೆಂದು ಎಣಿಸಬೇಡಿ. ನಿಮ್ಮ ಪುನರಾವರ್ತನೆ ಬ್ಲಾಕುಗಳ ಸಂಖ್ಯೆಯಷ್ಟೇ. ಸಸ್ಯಗಳ ಬದಲಾವಣೆಯ ಬಗ್ಗೆ ಮೊದಲ ವರ್ಷದಲ್ಲೇ ತೀರ್ಮಾನ ಬೇಡ: ತೂಕ ಆ ಮಳೆಗಾಲದಲ್ಲೇ ಏರಬಹುದು, ಬಹುವಾರ್ಷಿಕ ಹುಲ್ಲುಗಳು ಜಾಗ ಬಿಡಲು ಮೂರ್ನಾಲ್ಕು ವರ್ಷವೂ ಹಿಡಿಯಬಹುದು.